ಸೀತಾಳೆಯೂ ಬಾವಲಿಯೂ

ಸಂಜೆಯ ಪ್ರದೇಶ ಸಮಾಚಾರ ಮುಗಿದು, ರೇಡಿಯೋದ ಕಿವಿ ಹಿಂಡಿ, ನೀವು ಎದ್ದು ಕಿಟಕಿಯ ಬಳಿ ನಿಂತಿರೆನ್ನಿ. ರಾಜಾಜಿನಗರವಾಗಲಿ, ವಿಜಯನಗರವಾಗಲಿ, ನಾನು ವಾಸವಾಗಿರುವ ಕೆಂಗೇರಿ ಉಪನಗರವಾಗಲಿ, ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ಗಸಗಸೆ ಹಣ್ಣಿನ ಮರಕ್ಕೆ ಬರವಿಲ್ಲ. ಕತ್ತಲು ಕವಿಯುತ್ತಿದ್ದಂತೆ ಅದರ ಸುತ್ತ ಏನೋ ಕಪ್ಪಗೆ ಸುಳಿಯುತ್ತದೆ. ಸದ್ದಿಲ್ಲದೆ ಬಂದು, ಅರೆಕ್ಷಣ ಕೊಂಬೆಗೆ ತಗುಲಿಕೊಂಡು, ಹಣ್ಣೊಂದನ್ನು ಕಚ್ಚಿಕೊಂಡು ಮಾಯವಾಗುತ್ತದೆ. ಅದೇ ಹಣ್ಣುಬಾವಲಿ. ಬೆಳಗಾದರೆ ನಿಮ್ಮ ಕಾಂಪೌಂಡಿನ ಗೋಡೆಯ ಮೇಲೂ ಬೀದಿಯಲ್ಲಿ ನಿಲ್ಲಿಸಿದ ಕಾರುಗಳ ಮೇಲೂ ಅದು ಹಾಕಿಹೋದ ರುಜು ಕಾಣುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ನಿವಾಸಿಗಳು ಸೇರಿದ ಸಭೆಯಲ್ಲಿ ಎರಡು ಕಾರ್ಯಗಳು ನಡೆದವು. ಮೊದಲನೆಯದು ಹಿರಿಯರೊಬ್ಬರ ಸನ್ಮಾನ. ಹಾರ, ಶಾಲು, ಫಲತಾಂಬೂಲಗಳ ಜೊತೆಗೆ ಈ ಸಲ ಕುಂಡದಲ್ಲಿ ಬೆಳೆಸಿದ ಒಂದು ಆರ್ಕಿಡ್ ಗಿಡವನ್ನೂ ಕೊಟ್ಟರು. ಬಹು ಅಪರೂಪದ ಹೂ ಎಂದು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಎರಡನೆಯದು, ಬೀದಿಯ ತುದಿಯಲ್ಲಿರುವ ಗಸಗಸೆ ಮರವನ್ನೂ ಅದರ ಪಕ್ಕದ ಎಳೆಯ ಆಲವನ್ನೂ ಬಾವಲಿಯ ಕಾಟದ ದೆಸೆಯಿಂದ ಕಡಿಸಬೇಕೆಂಬ ನಿರ್ಣಯ. ಕರ್ನಾಟಕದಲ್ಲಿ ಮರ ಕಡಿಯುವುದಕ್ಕೆ 1976ರ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅಧಿಕಾರಿಯ ಅಪ್ಪಣೆ ಬೇಕು. ಅಪ್ಪಣೆಗೆ ಅರ್ಜಿ ಬೇಕು. ಅರ್ಜಿಗೆ ಕನ್ನಡ ಮೇಷ್ಟರು ಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ಅರ್ಜಿಯಲ್ಲಿ ಕಾರಣ ಕಾಣಿಸಬೇಕಷ್ಟೆ. ಎಲ್ಲೆಲ್ಲಿಯೂ ಇರುವ, ಯಾವ ಉಪಯೋಗಕ್ಕೂ ಬಾರದ ಬಾವಲಿ ಎಂದು ಒಂದು ವಾಕ್ಯ ಬರೆದೆ. ಲೇಖನಿ ಅಲ್ಲಿಗೇ ನಿಂತಿತು. ಒಂದು ಜೀವಕ್ಕೆ ಅಪರೂಪವೆಂಬ ಬಿರುದನ್ನೂ ಇನ್ನೊಂದಕ್ಕೆ ಸಾಮಾನ್ಯವೆಂಬ ಕಳಂಕವನ್ನೂ ಕಟ್ಟಿದವರು ಯಾರು, ಎಂದಿನಿಂದ ಕಟ್ಟಿದರು ಎಂದು ಹುಡುಕುತ್ತ ಹೋದೆ. ಅರ್ಜಿ ಮೂರು ವಾರ ತಡವಾಯಿತು. ಆ ಮೂರು ವಾರದಲ್ಲಿ ನನಗೆ ತಿಳಿದುಬಂದುದನ್ನು ನಿಮ್ಮ ಮುಂದೆ ಇಡುತ್ತೇನೆ.

ಅಮರಕೋಶವನ್ನು ಬಾಯಿಪಾಠ ಒಪ್ಪಿಸಿ ಬೆಳೆದ ನನ್ನಂಥವರಿಗೆ ಯಾವ ವಸ್ತುವೂ ಮೊದಲು ಶಬ್ದವಾಗಿಯೇ ತೋರುವುದು. ಗುಣವೋ ದೋಷವೋ ನೀವೇ ಹೇಳಬೇಕು. ಅಮರಸಿಂಹನು ಬಾವಲಿಗೆ ಜತುಕಾ, ಅಜಿನಪತ್ರಾ ಎಂಬ ಹೆಸರುಗಳನ್ನು ಕೊಟ್ಟಿದ್ದಾನೆ. ಅಜಿನವೆಂದರೆ ತೊಗಲು, ಪತ್ರವೆಂದರೆ ರೆಕ್ಕೆ. ಆ ಹೆಸರಿನಲ್ಲಿ ನಿಂದೆಯಿಲ್ಲ. ಕಣ್ಣಿಗೆ ಕಂಡುದನ್ನು ಹೇಳಿದೆ. ನಮ್ಮ ಬಾವಲಿ ಎಂಬ ಮಾತಾದರೋ ತಮಿಳಿನ ವವ್ವಾಲ್, ಮಲಯಾಳದ ವಾವಲ್‌ಗಳ ಒಡಹುಟ್ಟು. ಅಣ್ಣತಮ್ಮಂದಿರು ಪಾಲಾಗುವ ಮೊದಲೇ ಮನೆಯಲ್ಲಿದ್ದ ಪಾತ್ರೆಯಂತೆ, ಈ ಭಾಷೆಗಳು ಬೇರೆಬೇರೆಯಾಗುವ ಮುಂಚಿನಿಂದಲೂ ಬಳಕೆಯಲ್ಲಿದ್ದ ಶಬ್ದವೆಂದು ತೋರುತ್ತದೆ. ಹೆಸರು ಅಷ್ಟು ಹಳೆಯದಾಗಿದೆಯೆಂದರೆ ನೆರೆತನವೂ ಅಷ್ಟೇ ಹಳೆಯದು.

ಮರದ ಮೇಲೆ ಬೆಳೆಯುವ ಗಿಡಕ್ಕೆ ಅದೇ ಕೋಶದಲ್ಲಿ ವಂದಾ, ವೃಕ್ಷಾದನೀ, ವೃಕ್ಷರುಹಾ ಎಂಬ ಹೆಸರುಗಳಿವೆ. ವೃಕ್ಷರುಹಾ ಎಂದರೆ ಮರವನ್ನು ಏರಿ ಬೆಳೆವುದು. ವೃಕ್ಷಾದನೀ ಎಂದರೆ ಮರವನ್ನು ತಿನ್ನುವುದು. ನಮ್ಮ ಹಳ್ಳಿಯವರು ಬಂದಳಿಕೆ ಎನ್ನುವುದು ಈ ಎರಡನೆಯದನ್ನು. ಆರ್ಕಿಡ್ ಎಂಬ ಕುಲದ ಗಿಡಗಳೂ ಮರದ ಮೇಲೆ ಬೆಳೆಯುತ್ತವೆಯಾದ್ದರಿಂದ ನೋಡಿದವರು ಅವನ್ನೂ ಬಂದಳಿಕೆಯ ಲೆಕ್ಕಕ್ಕೆ ಸೇರಿಸುವುದುಂಟು. ಇದು ಅನ್ಯಾಯ. ಬಂದಳಿಕೆ ಮರದ ರಸವನ್ನು ಹೀರುತ್ತದೆ. ಆರ್ಕಿಡ್ ಹಾಗಲ್ಲ, ಅದು ಕೊಂಬೆಯ ಮೇಲೆ ಕುಳಿತುಕೊಳ್ಳುತ್ತದೆ, ತೂಗುಬಿಟ್ಟ ಬೇರುಗಳಿಂದ ಮಳೆಯನ್ನೂ ಮಂಜನ್ನೂ ಕುಡಿಯುತ್ತದೆ, ಮರದ ಅನ್ನವನ್ನು ಮುಟ್ಟುವುದಿಲ್ಲ. ಜಗಲಿಯಲ್ಲಿ ಮಲಗಿ ಬೆಳಗ್ಗೆ ಎದ್ದುಹೋಗುವ ದಾರಿಹೋಕನಂತೆ.

ಮಲೆನಾಡಿನವರು ಇದನ್ನು ಚೆನ್ನಾಗಿ ಬಲ್ಲರು. ಮುಂಗಾರು ಹಿಡಿಯುವ ಹೊತ್ತಿಗೆ ಅಲ್ಲಿಯ ಹಳೆಯ ಮರಗಳ ಕೊಂಬೆಗಳಿಂದ ಬಿಳಿ, ನಸುಗೆಂಪು ಹೂಗಳ ಗೊಂಚಲು ಇಳಿಬೀಳುತ್ತದೆ. ಅದು ಸೀತಾಳೆ ದಂಡೆ. ದಂಡೆಯೆಂದರೆ ಹೆಂಗಸರು ಮುಡಿಗೆ ಕಟ್ಟಿಕೊಳ್ಳುವ ಹೂಮಾಲೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ವನವಾಸದಲ್ಲಿ ಸೀತೆ ಮುಡಿದ ಹೂ ಇದು ಎಂದು ಜನ ಹೇಳುತ್ತಾರೆ. ಮರಾಠಿಯವರು ಸೀತೆಯ ಜಡೆ ಎಂದೇ ಕರೆಯುತ್ತಾರೆ. ಆರ್ಕಿಡ್ ಕುಲಕ್ಕೆಲ್ಲ ಕನ್ನಡದಲ್ಲಿ ಸೀತಾಳೆಯೆಂಬ ಹೆಸರು ಈಗ ಬಳಕೆಗೆ ಬಂದಿದೆ; ನಾನೂ ಹಾಗೆಯೇ ಕರೆಯುತ್ತೇನೆ. ಇನ್ನು ವೈದ್ಯರ ಮಾತು. ಚ್ಯವನಪ್ರಾಶಕ್ಕೆ ಸೇರಬೇಕಾದ ಅಷ್ಟವರ್ಗದ ಎಂಟು ಮೂಲಿಕೆಗಳಲ್ಲಿ ಜೀವಕ, ಋಷಭಕ, ಋದ್ಧಿ, ವೃದ್ಧಿ ಎಂಬ ನಾಲ್ಕು ಹಿಮಾಲಯದ ಸೀತಾಳೆಗಳೆಂದು ಗುರುತಿಸಿದ್ದಾರೆ. ಎಂದರೆ, ಮುಡಿಗೆ ಹೂವಾಗಿ, ಲೇಹ್ಯಕ್ಕೆ ಮೂಲಿಕೆಯಾಗಿ ಅದು ನಮ್ಮವರಿಗೆ ಪರಿಚಿತವಾಗಿತ್ತು. ಅಪರೂಪವೆಂಬ ಪಟ್ಟ ಅದಕ್ಕೆ ಆಗಿನ್ನೂ ಬಂದಿರಲಿಲ್ಲ.

ಆ ಪಟ್ಟ ಕಟ್ಟಿದವರು ಸಮುದ್ರದಾಚೆಯವರು. ಕಲ್ಕತ್ತೆಯ ನ್ಯಾಯಾಧೀಶ ಸರ್ ವಿಲಿಯಂ ಜೋನ್ಸ್ ನಮ್ಮ ವಂದಾ ಶಬ್ದವನ್ನೇ ಹಿಡಿದು ಒಂದು ಸೀತಾಳೆಯನ್ನು ವರ್ಣಿಸಿದನು. ಅವನು ತೀರಿಕೊಂಡ ಮೇಲೆ, 1795ರಲ್ಲಿ, ಅದು ಅಚ್ಚಾಯಿತು. 1820ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ ಆ ಹೆಸರನ್ನು ಒಂದು ಪಂಗಡಕ್ಕೆ ಸ್ಥಿರಪಡಿಸಿದನು. ಇಂದಿಗೂ ಲೋಕದ ತೋಟಗಾರರೆಲ್ಲ ವಾಂಡಾ ಎನ್ನುತ್ತಾರೆ. ಅಮರಸಿಂಹನ ಮಾತು ತಮ್ಮ ಬಾಯಲ್ಲಿದೆಯೆಂದು ಅವರಿಗೆ ಗೊತ್ತಿರುವುದು ಕಡಿಮೆ.

ಈ ವಾಂಡಾ ಪಂಗಡದಲ್ಲಿ ನೀಲಿ ಹೂವಿನದೊಂದಿದೆ. ಖಾಸಿ ಬೆಟ್ಟಗಳಲ್ಲಿ ಬೆಳೆಯುವುದು. ಸೀತಾಳೆಗಳಲ್ಲಿ ನೀಲಿಬಣ್ಣ ವಿರಳ. ಇಂಗ್ಲೆಂಡಿನ ಶ್ರೀಮಂತರು ಆಗ ಗಾಜಿನ ಮನೆಗಳನ್ನು ಕಟ್ಟಿಸಿ ಒಳಗೆ ಬೆಂಕಿಯ ಕಾವು ಕೊಟ್ಟು ಉಷ್ಣದೇಶದ ಹೂಗಳನ್ನು ಸಾಕುವ ಹುಚ್ಚಿನಲ್ಲಿದ್ದರು. 1850ರಲ್ಲಿ ಜೋಸೆಫ್ ಹೂಕರ್ ಖಾಸಿ ಬೆಟ್ಟಕ್ಕೆ ಹೋದಾಗ ಕ್ಯೂ ನಗರದ ಅರಸನ ತೋಟಕ್ಕೆಂದು ಈ ನೀಲಿ ವಾಂಡಾವನ್ನು ಏಳು ಆಳುಗಳು ಹೊರುವಷ್ಟು ಕೀಳಿಸಿದನು. ಅದರಲ್ಲಿ ಜೀವಸಹಿತ ಇಂಗ್ಲೆಂಡು ಸೇರಿದುದು ಅತ್ಯಲ್ಪ. ಜಾಗ ನೋಡಿಕೊಳ್ಳಲೆಂದು ಅವನೊಡನೆ ತನ್ನ ತೋಟಗಾರನನ್ನು ಕಳಿಸಿದ್ದ ಇನ್ನೊಬ್ಬ ಮಹನೀಯ ಒಂದು ಆಳಿನ ಹೊರೆಯನ್ನು ಕಳಿಸಿದನಂತೆ. ಬಾಡಿ ಬಸವಳಿದು ತಲುಪಿದರೂ ಅದು 300 ಪೌಂಡಿಗೆ ಮಾರಾಟವಾಯಿತು. ಹೂಕರನೇ ತನ್ನ ಪ್ರವಾಸಕಥನದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಒಂದು ಹೊರೆ ಗಿಡಕ್ಕೆ ಮುನ್ನೂರು ಪೌಂಡು! ಈ ಬೆಲೆಯ ಸುದ್ದಿ ಹರಡಿದ ಮೇಲೆ ಬೆಟ್ಟದಲ್ಲಿ ಏನು ಉಳಿದೀತು? ಅಪರೂಪವಾಗಿದ್ದರಿಂದ ಬೆಲೆ ಬಂತು, ಬೆಲೆ ಬಂದುದರಿಂದ ಇನ್ನಷ್ಟು ಅಪರೂಪವಾಯಿತು.

ಬಾವಲಿಗೆ ಅಂಥ ಯೋಗ ಒದಗಲಿಲ್ಲ. 1758ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಮಹಾಶಯನು ಪ್ರಾಣಿಗಳನ್ನೆಲ್ಲ ವರ್ಗಗಳಾಗಿ ವಿಂಗಡಿಸುವಾಗ ಬಾವಲಿಯನ್ನು ಮನುಷ್ಯ, ಕೋತಿಗಳ ಪಂಕ್ತಿಯಲ್ಲೇ ಕೂರಿಸಿದ್ದನು. ಎದೆಯಲ್ಲಿ ಎರಡು ಮೊಲೆ, ಒಂದೇ ಮರಿಯನ್ನು ಎದೆಗವಚಿಕೊಂಡು ಸಾಕುವುದು, ಇವನ್ನು ನೋಡಿದರೆ ಅವನ ತಪ್ಪು ಅಷ್ಟೇನೂ ನಗೆಗೇಡಲ್ಲ. ಆದರೆ ಅದೇ ಲಿನೇಯಸ್ ಪೂರ್ವದೇಶದ ಒಂದು ದೊಡ್ಡ ಹಣ್ಣುಬಾವಲಿಗೆ ರಕ್ತ ಹೀರುವ ಪಿಶಾಚಿಯ ಹೆಸರನ್ನು ಇಟ್ಟುಬಿಟ್ಟನು. ರಕ್ತ ಕುಡಿಯುವ ಬಾವಲಿಗಳು ಜಗತ್ತಿನಲ್ಲಿ ಇರುವುದು ಮೂರೇ ಜಾತಿ. ಮೂರೂ ಅಮೆರಿಕ ಖಂಡದವು. ಬಾಳೆಹಣ್ಣು ಸೀಬೆಹಣ್ಣು ತಿಂದು ಬದುಕುವ ಬಡಪ್ರಾಣಿಗೆ ಆ ಹೆಸರು ಅಂಟಿಕೊಂಡಿತು. ನಮ್ಮ ಬೀದಿಯ ಹಣ್ಣುಬಾವಲಿಯ ಜಾತಿಗೆ ಶಾಸ್ತ್ರೀಯ ನಾಮಕರಣ ಆದುದು 1797ರಲ್ಲಿ, ತಮಿಳುನಾಡಿನ ತರಂಗಂಬಾಡಿಯಲ್ಲಿ ಸಿಕ್ಕಿದ ಮಾದರಿಯಿಂದ. ಮಾಡಿದವನು ಮಾರ್ಟಿನ್ ವಾಲ್, ಹೆಚ್ಚಾಗಿ ಗಿಡಗಳನ್ನು ಓದಿದವನು. ಹೆಸರು ಸೈನಾಪ್ಟರಸ್ ಸ್ಫಿಂಕ್ಸ್; ಮೊದಲ ಭಾಗಕ್ಕೆ ಗ್ರೀಕಿನಲ್ಲಿ ನಾಯಿ, ರೆಕ್ಕೆ ಎಂಬ ಅರ್ಥಗಳಿವೆ. ಮುಖ ನೋಡಿದರೆ ನಿಜವಾಗಿಯೂ ನಾಯಿಮರಿಯದೇ. ತೂಕ 50 ಗ್ರಾಂ ಆಸುಪಾಸು, ರೆಕ್ಕೆ ಬಿಚ್ಚಿದರೆ ಒಂದು ಮೊಳ. ಹಳೆಯ ಆಲದಲ್ಲಿ ನೂರಾರು ಸೇರಿ ಹಗಲೆಲ್ಲ ಜೋತಾಡುವ ದೊಡ್ಡ ಬಾವಲಿ ಬೇರೆ ಜಾತಿ. ಅದರ ರೆಕ್ಕೆಯ ಹರವು ಮೂರು ಮೊಳಕ್ಕೂ ಬರುವುದುಂಟು.

ನಮ್ಮ ಸಾಹಿತ್ಯದ ಕಡೆಯಿಂದಲೂ ಒಂದು ಮಾತು ಹೇಳಬೇಕು. ಕಾಳಿದಾಸನ ಯಕ್ಷನಿಗೆ ದೂತನಾಗಿ ಮೇಘ ಸಿಕ್ಕಿತು. ಇತರ ಕವಿಗಳು ಹಂಸವನ್ನೂ ಗಿಳಿಯನ್ನೂ ಕಳಿಸಿದರು. ನೆರೆಯ ತೆಲುಗಿನ ಕವಿ ಗುರ್ರಂ ಜಾಷುವಾ ಅವರು 1941ರಲ್ಲಿ ಬಾವಲಿಯನ್ನೇ ದೂತನನ್ನಾಗಿ ಮಾಡಿ 'ಗಬ್ಬಿಲಂ' ಎಂಬ ಕಾವ್ಯವನ್ನು ಬರೆದರು. ಗುಡಿಯೊಳಗೆ ಕಾಲಿಡಲು ಅಪ್ಪಣೆಯಿಲ್ಲದ ಅಸ್ಪೃಶ್ಯನೊಬ್ಬನು ತನ್ನ ಅಳಲನ್ನು ಕಾಶಿಯ ಶಿವನಿಗೆ ಮುಟ್ಟಿಸೆಂದು ಬಾವಲಿಯನ್ನು ಬೇಡುತ್ತಾನೆ. ಅಪಶಕುನವೆಂದು ಜನ ಓಡಿಸುವ ಆ ಜೀವಕ್ಕೆ ಗರ್ಭಗುಡಿಯ ಕತ್ತಲೆಯಲ್ಲಿ ಜಾಗವುಂಟು, ಅವನಿಗಿಲ್ಲ. ಜಾಷುವಾ ಅವರು ಆ ದೂತನನ್ನು ಆರಿಸಿಕೊಂಡುದರಲ್ಲಿ ಎಷ್ಟು ನೋವಿದೆ ನೋಡಿ. ನಮ್ಮ ತರಗತಿಗಳಲ್ಲಿ ಮೇಘದೂತದ ಹೆಸರು ಹೇಳುವಾಗ ಇದನ್ನೂ ಹೇಳಬೇಕೆಂದು ನನ್ನ ಅಭಿಪ್ರಾಯ, ನಾನು ಹೇಳುತ್ತೇನೆ.

ಈಗ ಕಾನೂನಿನ ಕಥೆಗೆ ಬರೋಣ. ಸೀತಾಳೆಯೂ ಬಾವಲಿಯೂ ಒಂದೇ ಪುಸ್ತಕದಲ್ಲಿ ಎದುರುಬದುರು ಕುಳಿತುದು ಅಲ್ಲಿಯೇ. 1972ರಲ್ಲಿ ಭಾರತದ ಸಂಸತ್ತು ವನ್ಯಜೀವಿ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. ಯಾವ ಜೀವಕ್ಕೆ ಎಷ್ಟು ರಕ್ಷಣೆಯೆಂದು ತಿಳಿಸಲು ಕೊನೆಯಲ್ಲಿ ಅನುಸೂಚಿಗಳನ್ನು ಜೋಡಿಸಿದರು. ಮೊದಲನೆಯದರಲ್ಲಿ ಹುಲಿ ಸಿಂಹಗಳಂಥ ಮಾನ್ಯರು. ಐದನೆಯದು ಉಪದ್ರವಿ ಪ್ರಾಣಿಗಳದು. ಅವನ್ನು ಯಾರು ಕೊಂದರೂ ಕೇಳುವವರಿಲ್ಲ. ಕಾಗೆ, ಇಲಿ, ಹೆಗ್ಗಣ, ನರಿಗಳ ಆ ಸಾಲಿನಲ್ಲಿ ಹಣ್ಣುಬಾವಲಿಗಳು ಎಂಬ ಒಂದು ಮಾತನ್ನೂ ಬರೆದರು. ಯಾವ ಜಾತಿ, ಎಂಥದು ಎಂಬ ವಿವರವಿಲ್ಲ. ಹಣ್ಣು ತಿನ್ನುವ ಬಾವಲಿಯಾದರೆ ಸಾಕು. ನರಿಗಳು ಮುಂದೆ ಆ ಪಟ್ಟಿಯಿಂದ ಪಾರಾದವು, ಬಾವಲಿ ಪಾರಾಗಲಿಲ್ಲ.

ಗಿಡಗಳಿಗೆ ಆ ಪುಸ್ತಕದಲ್ಲಿ ಮೊದಲು ಜಾಗವೇ ಇರಲಿಲ್ಲ. 1991ರ ತಿದ್ದುಪಡಿಯಲ್ಲಿ ಆರನೆಯ ಅನುಸೂಚಿಯನ್ನು ಸೇರಿಸಿ, ಇಡೀ ದೇಶದ ಸಸ್ಯಸಂಪತ್ತಿನಿಂದ ಆರು ಹೆಸರುಗಳನ್ನು ಆಯ್ದರು. ಆ ಆರರಲ್ಲಿ ಮೂರು ಸೀತಾಳೆಗಳು: ನೀಲಿ ವಾಂಡಾ, ಕೆಂಪು ವಾಂಡಾ, ಮತ್ತು ಹೆಂಗಸರ ಪಾದರಕ್ಷೆಯ ಆಕಾರದ ಹೂ ಬಿಡುವ ಒಂದು ಪಂಗಡ. ಕಾಡಿನಿಂದ ಇವನ್ನು ಕಿತ್ತರೆ ಸೆರೆಮನೆ. ಹೂಕರನ ಏಳು ಹೊರೆ ಹೊರಟುಹೋದ 141 ವರ್ಷಗಳ ಮೇಲೆ ಬಾಗಿಲು ಹಾಕಿದಂತಾಯಿತು. ತಡವಾದರೂ ಸರಿಯಾದ ಕೆಲಸ. ಆದರೆ ಒಂದೇ ಅಧಿನಿಯಮದ ಐದನೆಯ ಪುಟ್ಟ ಪಟ್ಟಿ ಬಾವಲಿಯನ್ನು ಕೊಲ್ಲಲು ಬಿಡುತ್ತಿತ್ತು, ಆರನೆಯದು ಸೀತಾಳೆಯನ್ನು ಮುಟ್ಟಗೊಡುತ್ತಿರಲಿಲ್ಲ. ಮೂವತ್ತು ವರ್ಷ ಅವೆರಡೂ ಹೀಗೆ ಒಂದೇ ರಟ್ಟಿನೊಳಗೆ ಇದ್ದವು.

ಇದರ ನಡುವೆ ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1948ರಲ್ಲಿ ಆಂಗಸ್ ಹಟ್ಟನ್ ಎಂಬವರು ಆಗಿನ ಮದುರೆ ಜಿಲ್ಲೆಯ ಮೇಘಮಲೆಯ ಕಾಡಿನಲ್ಲಿ ಒಂದು ಹಣ್ಣುಬಾವಲಿಯನ್ನು ಹಿಡಿದರು. ಅದು ಮುಂಬಯಿಯ ಪ್ರಕೃತಿ ಚರಿತ್ರೆ ಸಂಘದ ಸಂಗ್ರಹಕ್ಕೆ ಸೇರಿತು. ಅಲ್ಲಿ ಅದಕ್ಕೆ ಕಟ್ಟಿದ ಚೀಟಿಯಲ್ಲಿ ಏನಿತ್ತು ಗೊತ್ತೆ? ಸೈನಾಪ್ಟರಸ್ ಸ್ಫಿಂಕ್ಸ್, ಎಂದರೆ ನಮ್ಮ ಬೀದಿಯ ಸರ್ವಸಾಮಾನ್ಯ ಬಾವಲಿ. ಇಪ್ಪತ್ತನಾಲ್ಕು ವರ್ಷ ಅದು ಆ ಚೀಟಿಯ ಕೆಳಗೆ ಮಲಗಿತ್ತು. 1972ರಲ್ಲಿ ಥಾಯ್ಲೆಂಡಿನ ವಿದ್ವಾಂಸ ಕಿಟ್ಟಿ ಥಾಂಗ್ಲಾಂಗ್ಯ ಅವರು ಅದರ ಹಲ್ಲು ಎಲುಬುಗಳನ್ನು ಪರೀಕ್ಷಿಸಿ, ಇದು ಸಾಮಾನ್ಯ ಬಾವಲಿಯಲ್ಲ, ಜಗತ್ತಿಗೆ ಅದುವರೆಗೆ ತಿಳಿಯದಿದ್ದ ಬೇರೆಯೇ ಪಂಗಡವೆಂದು ತೀರ್ಮಾನಿಸಿ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಹೆಸರನ್ನು ಅದಕ್ಕಿಟ್ಟರು. ವರ್ಷವನ್ನು ಗಮನಿಸಿ. ಯಾವ ವರ್ಷ ಹಣ್ಣುಬಾವಲಿಗಳನ್ನು ಒಟ್ಟಾಗಿ ಇಲಿಹೆಗ್ಗಣಗಳ ಸಾಲಿಗೆ ತಳ್ಳಿದರೋ ಅದೇ ವರ್ಷ ಆ ರಾಶಿಯೊಳಗಿಂದ ಸೀತಾಳೆಗಿಂತಲೂ ಅಪರೂಪವಾದ ಒಂದು ಜೀವ ಹೊರಬಂತು. ಆಮೇಲೆ ಅದೊಂದನ್ನು ಮಾತ್ರ ಎತ್ತಿ ಮೊದಲನೆಯ ಅನುಸೂಚಿಯಲ್ಲಿ ಕೂರಿಸಿದರು. ಉಳಿದ ಬಂಧುಗಳು ಐದನೆಯದರಲ್ಲೇ ಉಳಿದವು.

ಸಂಖ್ಯೆಯ ಲೆಕ್ಕವನ್ನಾದರೂ ನೋಡೋಣವೆಂದು ಕುಳಿತೆ. ಅಪರೂಪದ್ದು ಕಡಿಮೆ ಹೆರುತ್ತದೆ, ಸಾಮಾನ್ಯವಾದುದು ಹೆಚ್ಚು ಹೆರುತ್ತದೆ ಎಂದು ನೀವೂ ನಾನೂ ಊಹಿಸುವುದು ಸಹಜ. ಸಂಗತಿ ಇದಕ್ಕೆ ತಿರುಗುಮುರುಗು. ಬಾವಲಿ ಒಂದು ಬಸಿರಿಗೆ ಒಂದೇ ಮರಿ ಹಾಕುತ್ತದೆ. ನಮ್ಮ ಹಣ್ಣುಬಾವಲಿಗೆ ವರ್ಷಕ್ಕೆ ಎರಡು ಸಲ, ದೊಡ್ಡ ಬಾವಲಿಗೆ ಒಂದೇ ಸಲ. ಸೀತಾಳೆಯ ಬೀಜವನ್ನು ಎಣಿಸಿದವನು ಚಾರ್ಲ್ಸ್ ಡಾರ್ವಿನ್. 1862ರಲ್ಲಿ ಸೀತಾಳೆಗಳ ಮೇಲೆ ಬರೆದ ಗ್ರಂಥದಲ್ಲಿ ಅವನು ತನ್ನ ದೇಶದ ಒಂದು ಸಾಮಾನ್ಯ ಸೀತಾಳೆಯ ಒಂದು ಗಿಡದಲ್ಲಿ 1,86,300 ಬೀಜವೆಂದು ಲೆಕ್ಕ ಹಾಕಿದನು. ಎಲ್ಲವೂ ಮೊಳೆತರೆ ಆ ಗಿಡದ ಮರಿಮಕ್ಕಳ ಕಾಲಕ್ಕೆ ಭೂಮಿಯ ನೆಲವೆಲ್ಲ ಒಂದೇ ಹಸುರು ಜಮಖಾನೆಯಾದೀತೆಂದೂ ಬರೆದನು. ಹಾಗೆ ಏಕೆ ಆಗಲಿಲ್ಲ? ಆ ಬೀಜ ಧೂಳಿನಷ್ಟು ಸಣ್ಣದು. ತಾಯಿ ಅದಕ್ಕೆ ಬುತ್ತಿ ಕಟ್ಟಿ ಕಳಿಸುವುದಿಲ್ಲ. ಗಾಳಿಯಲ್ಲಿ ತೇಲಿಹೋಗಿ, ತಕ್ಕ ತೊಗಟೆಯ ಮೇಲೆ ಕುಳಿತು, ಅಲ್ಲಿ ತಕ್ಕ ಬೂಷ್ಟು ಬಂದು ಉಣಿಸಿದರೆ ಮಾತ್ರ ಮೊಳೆಯುತ್ತದೆ. ಬೂಷ್ಟಿನ ಈ ಗುಟ್ಟನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಹಿಡಿದನು. ಲಕ್ಷ ಮಕ್ಕಳಲ್ಲಿ ಒಂದು ಉಳಿಯುವುದೂ ಸಂಶಯ. ಬಾವಲಿಯಾದರೋ ಒಂದೇ ಮಗುವನ್ನು ಎದೆಗೆ ಕಟ್ಟಿಕೊಂಡು ಹಾರಾಡಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಬಾವಲಿಗಳ ಒಂದು ತಾಣವನ್ನು ಹೊಗೆ ಹಾಕಿ ಓಡಿಸಿದರೆ, ಇಲಿಗಳಂತೆ ಮರುವರ್ಷಕ್ಕೆ ತುಂಬಿಕೊಳ್ಳುವುದೆಂದು ತಿಳಿಯಬಾರದು. ಇಲಿಯ ಪಕ್ಕದಲ್ಲಿ ಅದರ ಹೆಸರು ಬರೆದವರು ಈ ಒಂದು ವ್ಯತ್ಯಾಸವನ್ನು ನೋಡಲಿಲ್ಲ.

ಇನ್ನು ಸನ್ಮಾನದ ಕುಂಡದ ವಿಚಾರ. ಬರ್ನಾರನ ಗುಟ್ಟು ತಿಳಿದ ಮೇಲೆ, 1922ರಲ್ಲಿ ಅಮೆರಿಕದ ಲ್ಯೂಯಿಸ್ ನಡ್ಸನ್, ಬೂಷ್ಟಿಲ್ಲದೆಯೂ ಸಕ್ಕರೆ ಬೆರೆಸಿದ ಆಹಾರವನ್ನು ಗಾಜಿನ ಬುರುಡೆಯಲ್ಲಿಟ್ಟು ಸೀತಾಳೆಯ ಬೀಜವನ್ನು ಮೊಳೆಯಿಸಬಹುದೆಂದು ತೋರಿಸಿದರು. 1960ರ ಹೊತ್ತಿಗೆ ಗಿಡದ ಕುಡಿಯ ಒಂದು ಚೂರಿನಿಂದಲೇ ಸಾವಿರಗಟ್ಟಲೆ ಗಿಡ ಮಾಡುವ ವಿದ್ಯೆಯೂ ಬಂತು. ಈಗ ಅಂಗಡಿಯಲ್ಲಿ ಸಿಕ್ಕುವ ಚಿಟ್ಟೆಯಾಕಾರದ ಸೀತಾಳೆ, ಮದುವೆಯ ಮಂಟಪಕ್ಕೆ ಕಟ್ಟುವ ನೇರಳೆ ಸೀತಾಳೆ, ಎಲ್ಲವೂ ಹೀಗೆ ಮೂಟೆಮೂಟೆಯಾಗಿ ತಯಾರಾದವು. ಕೃಷ್ಣರಾಜ ಮಾರುಕಟ್ಟೆಯಲ್ಲಿ ಅವು ಕಟ್ಟುಕಟ್ಟಾಗಿ ಬಿದ್ದಿರುತ್ತವೆ. ಸಭೆಯಲ್ಲಿ ಅಪರೂಪವೆಂದು ಹೊಗಳಿಸಿಕೊಂಡ ಗಿಡಕ್ಕೆ ಲಕ್ಷಾಂತರ ಅವಳಿಜವಳಿಗಳಿರಬಹುದು. ಸನ್ಮಾನಿತರಿಗೆ ನಾನು ಇದನ್ನು ಹೇಳಲಿಲ್ಲ. ಅವರು ಮೈಸೂರಿನ ಮಗನ ಮನೆಗೆ ಹೊರಟಾಗ ಕುಂಡವನ್ನು ನನ್ನ ವಶಕ್ಕೆ ಕೊಟ್ಟುಹೋದರು.

ಬಾವಲಿಯ ಪಕ್ಷವನ್ನೇ ವಹಿಸಿ ದೂರುಗಳನ್ನು ಮುಚ್ಚಿಟ್ಟೆನೆಂದು ನೀವು ಅನ್ನಬಾರದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ತೋಟದವರನ್ನು ಕೇಳಿ. ಬಲೆ ಹೊದಿಸದಿದ್ದರೆ ಮಾಗಿದ ಗೊಂಚಲು ದಕ್ಕುವುದಿಲ್ಲ. ಸೀಬೆ, ಸಪೋಟ ಬೆಳೆದವರ ಪಾಡೂ ಅದೇ. ಅವರ ನಷ್ಟ ನಿಜವಾದ ನಷ್ಟ. ನಿಪಾ ಎಂಬ ಕ್ರೂರ ರೋಗದ ವಿಷಾಣು ದೊಡ್ಡ ಬಾವಲಿಗಳಲ್ಲಿ ಇರುವುದೂ ನಿಜ. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಅದು ಕಾಣಿಸಿಕೊಂಡಾಗ ಇಲ್ಲಿಯೂ ತಾಯಂದಿರು ಮಕ್ಕಳಿಗೆ ಮರದಡಿ ಬಿದ್ದ ಹಣ್ಣನ್ನು ಮುಟ್ಟಗೊಡಲಿಲ್ಲ. ಕಚ್ಚಿದ ಹಣ್ಣನ್ನು ತಿನ್ನಬಾರದು, ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಎತ್ತಬಾರದು. ಈ ಎಚ್ಚರ ಯಾವಾಗಲೂ ಇರಬೇಕು. ಆದರೆ 2020ರಲ್ಲಿ ಕೊರೋನಾ ಬಂದಾಗ ಹೆದರಿಕೆ ಎಚ್ಚರವನ್ನು ಮೀರಿತು. ಬಾವಲಿಗಳಿಂದ ಆ ರೋಗ ಜನಕ್ಕೆ ನೇರವಾಗಿ ಹರಡುತ್ತಿಲ್ಲ, ಅವನ್ನು ಕೊಲ್ಲಬೇಡಿ ಎಂದು ದಕ್ಷಿಣ ಏಷ್ಯದ ಅರುವತ್ತನಾಲ್ಕು ಮಂದಿ ಬಾವಲಿ ತಜ್ಞರು ಆ ವರ್ಷದ ಏಪ್ರಿಲ್‌ನಲ್ಲಿ ಹೇಳಿಕೆ ಹೊರಡಿಸಬೇಕಾಯಿತು.

ಇನ್ನು ಉಪಯೋಗದ ಮಾತು. ಯಾವ ಉಪಯೋಗಕ್ಕೂ ಬಾರದು ಎಂದು ನಾನೇ ಅರ್ಜಿಯಲ್ಲಿ ಬರೆದಿದ್ದೆನಲ್ಲ, ಅದಕ್ಕೆ ಉತ್ತರ ನಮ್ಮ ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ ನಿಂತಿದೆ. ರಾಮೋಹಳ್ಳಿಯ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೀವು ನೋಡಿರಬಹುದು. ನಾನೂರು ವರ್ಷದ್ದೆಂದು ಹೇಳುತ್ತಾರೆ. ಮೂರು ಎಕರೆಯಷ್ಟು ಹರಡಿದೆ. ತಾಯಿಬೊಡ್ಡೆ ರೋಗ ತಗುಲಿ ಹೋಗಿ, ಬಿಳಲುಗಳೇ ಕಂಬಗಳಾಗಿ ಮರವನ್ನು ಹೊತ್ತಿವೆ. ಅಂಥ ಮರಕ್ಕೆ ಮೂಲವಾದ ಬೀಜ ಸಾಸಿವೆಗಿಂತ ಸಣ್ಣದು. ಆಲದ ಹಣ್ಣನ್ನು ತಿಂದ ಹಕ್ಕಿ ಅಥವಾ ಬಾವಲಿಯ ಹೊಟ್ಟೆಯಲ್ಲಿ ಪ್ರಯಾಣ ಮಾಡಿ, ಯಾವುದೋ ಗೋಡೆಯ ಬಿರುಕಿನಲ್ಲೋ ಇನ್ನೊಂದು ಮರದ ಕವಲಿನಲ್ಲೋ ಅದು ಬೀಳುತ್ತದೆ. ಬಾವಲಿಗೆ ಜೀರ್ಣಶಕ್ತಿ ಬಹು ಚುರುಕು. ತಿಂದ ಅರ್ಧ ಗಂಟೆಯೊಳಗೆ, ಹಾರುತ್ತಿರುವಾಗಲೇ, ಬೀಜ ಹೊರಗೆ ಬೀಳುತ್ತದೆ. ಹಕ್ಕಿ ಹೆಚ್ಚಾಗಿ ಮರದ ಮೇಲೆ ಕುಳಿತು ಹಾಕಿದರೆ ಬಾವಲಿ ಬಯಲಿನಲ್ಲೂ ಹಾಕುತ್ತದೆ. ಬಯಲಿನಲ್ಲಿ ಮರ ಹುಟ್ಟುವುದು ಹಾಗೆ. ಹಿಪ್ಪೆ, ಬೂರುಗದಂಥ ಮರಗಳ ಹೂಗಳಿಗೆ ಅದು ರಾತ್ರಿ ಬಂದು ಮುಖವಿಟ್ಟು ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕನವರು ಗಂಡನೊಡನೆ ನೆಟ್ಟು ನೀರೆರೆದ ಆಲದ ಮರಗಳನ್ನು 385 ಎಂದು ಲೆಕ್ಕ ಹೇಳುತ್ತಾರೆ. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡಾಗ ನಾಡಿಗೆ ನಾಡೇ ಮರುಗಿತು. ಲೆಕ್ಕವಿಡದೆ ಆಲ ನೆಡುವ ಇನ್ನೊಂದು ಜೀವದ ಹೆಸರನ್ನು ಆ ಪುಣ್ಯಾತ್ಮೆಯ ಪಕ್ಕದಲ್ಲಿ ಹೇಳಿದರೆ ಅವರಿಗೆ ಬೇಸರವಾಗುತ್ತಿರಲಿಲ್ಲವೆಂದು ನಂಬಿದ್ದೇನೆ.

ಹಿಂದೆ ಮೈಸೂರು ಸೀಮೆಯ ಹಳ್ಳಿಗಳಿಗೆ ಗುಂಡುತೋಪುಗಳಿದ್ದವು. ಮಾವು, ಹಿಪ್ಪೆ, ನೇರಳೆ, ಹುಣಿಸೆ ಬೆಳೆದ ಊರೊಟ್ಟಿನ ತೋಪು. ಅದರ ಹಳೆಯ ಮಾವಿನ ಕೊಂಬೆಯ ಮೇಲೆ ಬಯಲುಸೀಮೆಯ ವಾಂಡಾ ಕುಳಿತಿರುತ್ತಿತ್ತು. ಹಿಪ್ಪೆಯ ಹೂವಿಗೆ ರಾತ್ರಿ ಬಾವಲಿ ಬರುತ್ತಿತ್ತು. ಒಂದು ಅಪರೂಪ, ಒಂದು ಸಾಮಾನ್ಯ ಎಂಬ ಭೇದ ಆ ತೋಪಿನಲ್ಲಿ ಇರಲಿಲ್ಲ. ಎರಡಕ್ಕೂ ಬೇಕಾದುದು ಹಳೆಯ ಮರ. ಊರು ಬೆಳೆದು ಬಡಾವಣೆಗಳಾದಾಗ ಎಷ್ಟೋ ತೋಪುಗಳು ನಿವೇಶನಗಳಾದವು. ಸೀತಾಳೆ ಸುಮ್ಮನೆ ಇಲ್ಲವಾಯಿತು. ಬಾವಲಿ ನಮ್ಮ ಗಸಗಸೆ ಮರಕ್ಕೂ, ಕಾಂಪೌಂಡಿನ ಉದ್ದನೆಯ ಅಶೋಕದ ಸಾಲಿಗೂ ಬಂದು ನೆಲಸಿತು. ಗೋಡೆಗೆ ಮಸಿ ಬಳಿಯುವ ಬಾಡಿಗೆದಾರನೆಂದು ನಾವು ಈಗ ಅದನ್ನು ಬೈಯುತ್ತೇವೆ. ಅದು ಇಲ್ಲಿಯ ಹಳೆಯ ಒಕ್ಕಲು.

2022ರ ತಿದ್ದುಪಡಿಯಿಂದ ಉಪದ್ರವಿಗಳ ಅನುಸೂಚಿಯನ್ನೇ ತೆಗೆದುಹಾಕಿದರು. ದೊಡ್ಡ ಬಾವಲಿ ಎರಡನೆಯ ಅನುಸೂಚಿಗೆ ಏರಿ ರಕ್ಷಣೆ ಪಡೆಯಿತು. 2023ರ ಏಪ್ರಿಲ್ ಒಂದರಿಂದ ಅದು ಜಾರಿಯಲ್ಲಿದೆ. ಐವತ್ತು ವರ್ಷ ಇಲಿಗಳ ಜೊತೆಗಿದ್ದು ಈಚೆಗೆ ಬಂದದ್ದು. ಈ ಸುದ್ದಿ ನಮ್ಮ ಬೀದಿಯವರೆಗೆ ಇನ್ನೂ ಬಂದಿರಲಿಲ್ಲ; ನಾನೇ ಸಭೆಯಲ್ಲಿ ಓದಿ ಹೇಳಿದೆ. ಕೆಲವರು ಕೇಳಿದರು, ಕೆಲವರು ಗಡಿಯಾರ ನೋಡಿದರು.

ಕಡೆಗೆ ಅರ್ಜಿಯನ್ನು ಹೀಗೆ ಬರೆದೆ: ಕಾರು ನಿಲ್ಲುವ ಜಾಗದ ಮೇಲೆ ಚಾಚಿರುವ ಎರಡು ಕೊಂಬೆಗಳನ್ನು ಸವರಲು ಅಪ್ಪಣೆಯಾಗಬೇಕು, ಮರಗಳು ಇರಲಿ. ಮೇಷ್ಟರು ಕೊಟ್ಟ ಕೆಲಸ ಬಿಟ್ಟು ತಮಗೆ ತೋಚಿದ್ದನ್ನು ಬರೆದರೆಂದು ಇಬ್ಬರು ರುಜು ಹಾಕಲಿಲ್ಲ. ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲದಿಲ್ಲ, ದಿನವೂ ಗೋಡೆ ತೊಳೆಯುವವರು ಅವರೇ. ಉಳಿದವರು ಹಾಕಿದರು. ಕೊಂಬೆಗಳನ್ನು ಸವರಿ ಹೋದರು. ಎರಡು ರಾತ್ರಿ ಬಾವಲಿಗಳು ಕಾಣಲಿಲ್ಲ. ಮೂರನೆಯ ರಾತ್ರಿ ಬಂದವು.

ಸನ್ಮಾನದ ಸೀತಾಳೆ ನಮ್ಮ ಮನೆಯ ಮುಂದೆ, ಆ ಆಲದ ನೆರಳು ಬೀಳುವ ಕಟ್ಟೆಯ ಮೇಲೆ ಎರಡು ತಿಂಗಳು ಹೂವಾಗಿದ್ದು ಆಮೇಲೆ ಬಾಡಿತು. ಎಲೆಗಳು ಹಸುರಾಗಿವೆ, ಇನ್ನೊಮ್ಮೆ ಹೂ ಬಿಟ್ಟರೂ ಬಿಟ್ಟೀತು. ಮೊನ್ನೆ ನೀರು ಹಾಕುವಾಗ ನೋಡಿದೆ, ಕುಂಡದ ಇದ್ದಿಲು ಚೂರುಗಳ ನಡುವೆ ಎರಡೆಲೆಯ ಸಸಿಯೊಂದು ತಲೆಯೆತ್ತಿದೆ. ಆಲವೋ ಅತ್ತಿಯೋ ಇನ್ನೂ ತಿಳಿಯದು. ಬಹಳ ದಿನ ಅದನ್ನು ಅಲ್ಲಿ ಬಿಡುವಂತಿಲ್ಲ. ನೆಡುವುದಕ್ಕೆ ಜಾಗ ಕೇಳಿ ಸಂಘಕ್ಕೆ ಇನ್ನೊಂದು ಅರ್ಜಿ ಬರೆಯಬೇಕು.